ನಾನೂರ ಹನ್ನೆರಡು ನಳಿಗೆಗಳು

ರಫೂ ಕೆಲಸದಲ್ಲಿ ಹೆಸರು ಗಳಿಸುವುದು ಕಷ್ಟ. ಕೆಲಸ ಚೆನ್ನಾಗಿ ಆಯಿತೆಂದರೆ ಅದು ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಕೆಟ್ಟಿತೆಂದೇ ಲೆಕ್ಕ. ಮೂವತ್ತೊಂದು ವರ್ಷಗಳಿಂದ ಮುಂದಿನ ಕೋಣೆಯ ಕಿಟಕಿಯ ಪಕ್ಕ ಕೂತು ಊರವರ ಕೋಟು, ಶಾಲುಗಳ ತೂತುಗಳನ್ನು ಮಾಯ ಮಾಡುತ್ತ ಬಂದ ಈ ಹೆಂಗಸನ್ನು ಬೀದಿಯವರು ರಫೂ ಅಕ್ಕ ಎಂದು ಕರೆಯುತ್ತಿದ್ದರು. ಇಲಿ ಕಡಿದದ್ದು, ಸಿಗರೇಟು ಸುಟ್ಟದ್ದು, ಮೊಳೆಗೆ ಸಿಕ್ಕು ಹರಿದದ್ದು, ಯಾವುದೇ ಇರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು ಅವಳು ಹೆಣೆದು ಕೊಟ್ಟರೆ, ತೂತು ಎಲ್ಲಿತ್ತೆಂದು ಬಟ್ಟೆ ಕೊಟ್ಟವರೇ ತಡಕಾಡಬೇಕಾಗುತ್ತಿತ್ತು. ಅವಳ ಆಯುಧಗಳು ಇಷ್ಟೇ: ಆರು ಸೂಜಿ, ಒಂದು ಚಿಮಟ, ಹೆಬ್ಬೆರಳು ಗಾತ್ರದ ಜೇನುಮೇಣದ ಉಂಡೆ. ದಾರವನ್ನು ಮೇಣದ ಮೇಲೆ ಒಮ್ಮೆ ಎಳೆದರೆ ಅದು ಸಿಕ್ಕಾಗುವುದಿಲ್ಲ, ಹೇಳಿದ ಮಾತು ಕೇಳುತ್ತದೆ. ಕೆಲಸಕ್ಕೆ ಮೊದಲು ಹೆಬ್ಬೆರಳನ್ನು ಮೇಣಕ್ಕೆ ಒತ್ತುವುದು ಅವಳಿಗೆ ಎಷ್ಟು ರೂಢಿಯೆಂದರೆ, ಒತ್ತಿದೆಯಾ ಎಂದು ಯಾರಾದರೂ ಕೇಳಿದ್ದರೆ ಅವಳಿಗೇ ನೆನಪಿರುತ್ತಿರಲಿಲ್ಲ.

ಅವಳ ಗಂಡ ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರವಿದ್ದ ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಫಿಟ್ಟರ್. ಉಕ್ಕಿನ ಪೆಟ್ಟಿಗೆಗಳೊಳಗಿನ ಗಾಳಿಯನ್ನು ಪಂಪು ಹಾಕಿ ಹೀರಿ, ಹೀರಿ, ಒಳಗೆ ಏನೂ ಇಲ್ಲವೆನ್ನುವ ಹಾಗೆ ಮಾಡುವುದು ಅವನ ಕೆಲಸ. ಅಲ್ಲಿನ ವಿದ್ಯಾರ್ಥಿಗಳು ಅವನಿಗೆ ಗಾಳಿಮಾಮ ಎಂದು ಹೆಸರಿಟ್ಟಿದ್ದರು. ಅವನಿಗೂ ಅದು ಹಿಡಿಸಿತ್ತು. ಎಲ್ಲಿಂದಲೋ ಗಾಳಿ ನುಸುಳುತ್ತಿದೆ ಎಂದರೆ ಸಾಕು, ಊಟ ಬಿಟ್ಟು ಎದ್ದು ಹೋಗುತ್ತಿದ್ದ.

ಅವನ ಕೈಯಲ್ಲಿದ್ದ ಕೆಲಸಗಳಲ್ಲೆಲ್ಲ ನಾಜೂಕಾದದ್ದು ನಳಿಗೆಯ ಗಂಟು ಕಟ್ಟುವುದು. ಅದನ್ನು ಅವನು ಹೆಂಡತಿಗೆ ಹತ್ತಾರು ಸಲ ವಿವರಿಸಿದ್ದ. ಸ್ಟ್ರಾನ್ಷಿಯಂ ಎಂಬ ಲೋಹದ ಒಂದು ಚೂರನ್ನು ಪುಟ್ಟ ಉಕ್ಕಿನ ಒಲೆಯಲ್ಲಿಟ್ಟು ಕಾಯಿಸುತ್ತಾರೆ. ಕಾದ ಲೋಹ ಆವಿಯಾಗಿ, ಅದರ ಪರಮಾಣುಗಳು ಶಾಲೆಯ ಗಂಟೆ ಹೊಡೆದಾಗ ಮಕ್ಕಳು ನುಗ್ಗುವ ಹಾಗೆ ಸಿಕ್ಕ ಸಿಕ್ಕ ದಿಕ್ಕಿಗೆ ಓಡುತ್ತವೆ. ಅಲ್ಲಿನ ಪ್ರೊಫೆಸರ್ ಮೇಡಂಗೆ ಬೇಕಾದದ್ದು ಅತ್ತಿತ್ತ ನೋಡದೆ ನೇರ ಹೋಗುವವು ಮಾತ್ರ. ವಿದ್ಯುತ್ತು ಅಂಟಿಸಿಕೊಂಡ ಕಣಗಳಾದರೆ ಮೂಗುದಾರ ಹಾಕಿ ಬೇಕಾದ ಕಡೆ ಎಳೆಯಬಹುದು. ಇವಕ್ಕೆ ಆ ವಿದ್ಯುತ್ತೇ ಇಲ್ಲ. ಹಿಡಿಯಲು ಹಿಡಿಯೇ ಇಲ್ಲ. ಹಾಗಾಗಿ ಇರುವುದೊಂದೇ ದಾರಿ: ಒಲೆಯ ಬಾಯಿಗೆ ಸೂಜಿಗಿಂತ ಸಣ್ಣ ಉಕ್ಕಿನ ನಳಿಗೆಗಳನ್ನು ಒತ್ತೊತ್ತಾಗಿ ಜೋಡಿಸಿಡುವುದು. ನೇರ ಬಂದದ್ದು ದಾಟುತ್ತದೆ, ಓರೆಯಾಗಿ ಬಂದದ್ದು ಗೋಡೆಗೆ ಬಡಿದು ಒಳಗೇ ಅಲೆಯುತ್ತದೆ. ದಾಟಿದವು ಕೂದಲೆಳೆಯಂಥ ಸಾಲಾಗಿ ಸಾಗುತ್ತವೆ. ಒಂದು ಗಂಟಿಗೆ ನಾನೂರ ಹನ್ನೆರಡು ನಳಿಗೆ, ಒಂದೊಂದೂ ಅಕ್ಕಿಕಾಳಿಗಿಂತ ಕೊಂಚ ಉದ್ದ. ಪುಟ್ಟ ಉಕ್ಕಿನ ಚೌಕಟ್ಟಿನೊಳಗೆ ಮೊದಲ ಸಾಲಿನ ತಗ್ಗುಗಳಲ್ಲಿ ಎರಡನೇ ಸಾಲು ಕೂರಬೇಕು, ಎರಡನೆಯದರ ತಗ್ಗಿನಲ್ಲಿ ಮೂರನೆಯದು.

"ಅಷ್ಟೆಲ್ಲಾ ಕಷ್ಟಪಟ್ಟು ಹೊರಗೆ ತಂದು ಏನ್ಮಾಡ್ತಾರೆ?" ಎಂದು ಅವಳು ಕೇಳಿದ್ದಳು.

"ಅಳೀತಾರೆ."

"ಅಳೆದು?"

"ಇನ್ನೂ ಸರಿಯಾಗಿ ಅಳೀತಾರೆ."

ಇಪ್ಪತ್ತು ವರ್ಷ ಆ ಗಂಟುಗಳನ್ನು ಅವನೇ ಕಟ್ಟಿದ್ದ. ಎರಡು ವರ್ಷದ ಹಿಂದೆ ಅವನ ಕಣ್ಣಿನ ನಡುಭಾಗ ಸವೆಯತೊಡಗಿತು. ಎದುರು ನಿಂತವರ ಕಿವಿ, ಭುಜ, ಪಕ್ಕದ ಬಾಗಿಲು ಎಲ್ಲ ಕಾಣುತ್ತಿತ್ತು. ಮುಖವಿರಬೇಕಾದಲ್ಲಿ ಮಾತ್ರ ಒರೆಸಿ ಹಾಕಿದಂಥ ಬೂದುಬಣ್ಣ. ಹೋದದ್ದು ಹಿಂದೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದರು ಕಣ್ಣಿನ ಡಾಕ್ಟರು. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಬೇಕಾದಷ್ಟು ಕಾಣುತ್ತದೆ ಎಂದೂ ಹೇಳಿದರು.

"ಕಳ್ಳನ ಹಾಗೆ ಓರೆಗಣ್ಣಲ್ಲಿ ನೋಡ್ಕೊಂಡು ಓಡಾಡ್ಲಾ?" ಎಂದು ಅವನು ಸಿಡುಕಿದ. ಮನೆಯಲ್ಲೂ ಒಂದು ದಿನ ಹಾಗೆ ನೋಡಲಿಲ್ಲ. ಅದಕ್ಕೆ ಜಂಬದ ಜೊತೆ ಹೆದರಿಕೆಯೂ ಕಾರಣ. ಮುಖ ತಿರುಗಿಸಿ ನೋಡುವುದನ್ನು ಕಂಡರೆ ಪ್ರಯೋಗಾಲಯದಲ್ಲಿ ನಾಲ್ಕೇ ದಿನಕ್ಕೆ ಎಲ್ಲರಿಗೂ ತಿಳಿಯುತ್ತದೆ. ತಿಳಿದರೆ ಅವನನ್ನು ಕೆಲಸದ ಮೇಜಿನಿಂದ ಎಬ್ಬಿಸಿ ಸ್ಟೋರ್ಸಿನ ಕಿಟಕಿಯ ಹಿಂದೆ ಕೂರಿಸುತ್ತಾರೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಅಷ್ಟು ದಿನ ಆ ಮೇಜು ತನ್ನದಾಗಿಯೇ ಇರಲಿ ಎಂಬುದನ್ನು ಬಿಟ್ಟು ಅವನಿಗೆ ಬೇರೆ ಆಸೆ ಇರಲಿಲ್ಲ. ಸ್ಪ್ಯಾನರು, ಬೋಲ್ಟುಗಳನ್ನೆಲ್ಲ ಕೈಯೇ ನೋಡಿಕೊಳ್ಳುತ್ತಿತ್ತು. ಹೇಗೋ ಕಾಲ ತಳ್ಳುತ್ತಿದ್ದ.

ಅಷ್ಟರಲ್ಲಿ ಮೇಡಂ ಹೊಸ ಗಂಟು ಬೇಕೆಂದಳು.

ಅವನು ನಳಿಗೆಗಳ ಡಬ್ಬಿಯನ್ನು ಊಟದ ಡಬ್ಬಿಯ ಕೆಳಗಿಟ್ಟುಕೊಂಡು ಮನೆಗೆ ತಂದ. ಹೆಂಡತಿಯ ಎದುರಿಟ್ಟ. ಅವಳು ಮುಚ್ಚಳ ತೆಗೆದು ನೋಡಿದಳು. ಸೂಜಿಗಳ ಜೊತೆ ಬಾಳಿದವಳಿಗೆ ಅದೇನು ಮಹಾ ಅನ್ನಿಸಲಿಲ್ಲ.

"ಯಾವತ್ತಿಗೆ ಬೇಕು?" ಎಂದಷ್ಟೇ ಕೇಳಿದಳು.

ಒಂಬತ್ತು ಮಧ್ಯಾಹ್ನಗಳಲ್ಲಿ ಮುಗಿಸಿದಳು. ಮೊದಲ ದಿನ ನಳಿಗೆಗಳು ಹೇಳಿದ ಮಾತು ಕೇಳದೆ ಉರುಳಿದವು, ಆಮೇಲೆ ಸರಿಹೋದವು. ಅವನು ಗಂಟಿನ ಮೇಲೆ ಉಗುರಾಡಿಸಿ, ಎಲ್ಲೂ ತಡೆಯದಿದ್ದದ್ದು ನೋಡಿ, "ಪಾಸು" ಎಂದ. ಪ್ರಯೋಗಾಲಯಕ್ಕೆ ಒಯ್ದು ಎಂದಿನಂತೆ ಅಸಿಟೋನಿನಲ್ಲಿ ತೊಳೆದು, ಒಲೆಯ ಬಾಯಿಗೆ ಕೂರಿಸಿ, ಪೆಟ್ಟಿಗೆ ಮುಚ್ಚಿ, ಪಂಪು ಹಾಕಿದ.

ಗಾಳಿ ಇಳಿಯಲಿಲ್ಲ. ಇಳಿದಂತೆ ಮಾಡಿ ಒಂದು ಹಂತದಲ್ಲಿ ನಿಂತುಬಿಡುತ್ತಿತ್ತು. ಒಲೆ ಬಿಸಿ ಮಾಡಿದರಂತೂ ಒಳಗಿನ ಒತ್ತಡ ಮತ್ತೆ ಮೇಲೇರುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದು ಅವನು ಒಂದೊಂದು ಕೀಲಿನ ಮೇಲೂ ಹೀಲಿಯಂ ಊದುತ್ತ ಬಂದ. ಊದಿದ ಹೀಲಿಯಂ ಒಳಗೆ ಹೋದರೆ ಯಂತ್ರ ಕೂಗಿ ಹೇಳುತ್ತದೆ. ಅದು ಕಮಕ್ ಕಿಮಕ್ ಅನ್ನಲಿಲ್ಲ. ಎಲ್ಲಾ ಬೋಲ್ಟುಗಳನ್ನು ಬಿಚ್ಚಿ, ತಾಮ್ರದ ಉಂಗುರಗಳನ್ನು ಬದಲಿಸಿ, ಮತ್ತೆ ಬಿಗಿದ. ಮೂರು ವಾರ ಹೀಗೇ ಹೋಯಿತು. ರಾಶಿ ಬಟ್ಟೆಯ ನಡುವೆ ಕೂತಿದ್ದ ಅವಳಿಗೆ ಗಂಡನ ಹೆಜ್ಜೆಯ ಸದ್ದಿನಲ್ಲೇ ಆ ದಿನದ ಸಮಾಚಾರ ತಿಳಿಯುತ್ತಿತ್ತು.

ಒಂದು ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದ.

"ಸೋರ್ತಿಲ್ಲವಂತೆ. ಒಳಗೇ ಜಿಡ್ಡಿದೆ. ಉಳಿದ ಅನಿಲಾನ ತೂಕ ಹಾಕೋ ಯಂತ್ರ ಇದೆಯಲ್ಲ, ಅದ್ರಲ್ಲಿ ಬಾಚಣಿಗೆ ಹಲ್ಲಿನ ಥರ ಸಾಲಾಗಿ ಗೆರೆ ಬಂದಿದೆ. ಎಣ್ಣೆಯೋ ಮೇಣವೋ ಇದ್ರೆ ಹಾಗೆ ಬರುತ್ತಂತೆ."

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

"ಪಂಪಿನ ಎಣ್ಣೆ ಹಿಂದಕ್ಕೆ ಬಂದಿರ್ಬೇಕು," ಅವನು ಮುಂದುವರಿಸಿದ. "ವಾಲ್ವ್ ಮುಚ್ಚೋದ್ರಲ್ಲಿ ನಾನೇ ಹಿಂದೆ ಮುಂದೆ ಮಾಡಿರ್ಬೇಕು ಅಂತ ಒಪ್ಕೊಂಡೆ. ಮೇಡಂ ಏನೂ ಬೈಲಿಲ್ಲ. ಒಂದು ವಾರ ರಜ ತಗೊಳ್ಳಿ ಅಂದ್ರು." ಬೈದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗಿತ್ತು ಅವನ ದನಿ.

ಅವಳು ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಮೇಣದ ಉಂಡೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ದಾರ ಕೊರೆದ ಗೀರುಗಳ ಪಕ್ಕದಲ್ಲಿ ಅಕ್ಕಿಕಾಳಿನಷ್ಟುದ್ದದ ನೂರಾರು ಸಣ್ಣ ಗುರುತುಗಳಿದ್ದವು. ಇಷ್ಟು ವರ್ಷದಲ್ಲಿ ಅವಳ ಕೆಲಸ ಯಾರ ಬಟ್ಟೆಯನ್ನೂ ಕೆಡಿಸಿರಲಿಲ್ಲ.

"ರೀ," ಎಂದಳು. "ಪಂಪಿನದ್ದಲ್ಲ. ನನ್ನದು. ನಳಿಗೆ ಉರುಳ್ತಿದ್ವಲ್ಲ, ಮೇಣ ತಾಗಿಸಿ ಕೂರಿಸಿದೀನಿ. ನಾನೂರ ಹನ್ನೆರಡಕ್ಕೂ."

ಅವನು ಕುರ್ಚಿಯ ಬೆನ್ನನ್ನು ಹಿಡಿದು ನಿಧಾನವಾಗಿ ಕೂತ. ಅಸಿಟೋನಿಗೆ ಮೇಣ ಜಗ್ಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಯಾವ ಫಿಟ್ಟರೂ ಆ ಗಂಟಿನ ಹತ್ತಿರ ಮೇಣ ತರುವುದಿಲ್ಲ, ಹಾಗಾಗಿ ಕೇಳಬೇಕೆಂದು ಹೊಳೆದಿರಲಿಲ್ಲ. ರಫೂ ಮಾಡುವವಳು ಮೇಣವಿಲ್ಲದೆ ಕೂರುವುದಿಲ್ಲ, ಹಾಗಾಗಿ ಹೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

"ಇದು ಇಲ್ಲಿಗೇ ಮುಗೀಲಿ," ಎಂದ ಕಡೆಗೆ. "ಪಂಪು ಅಂತ ಹೇಳಿ ಆಗಿದೆ."

"ಪಂಪು ಅಂದ್ರೆ ಪಂಪು ಬಿಚ್ತಾರೆ. ಮೇಣ ಎಲ್ಲಿದೆಯೋ ಅಲ್ಲೇ ಇರುತ್ತೆ. ಇನ್ನೊಂದು ತಿಂಗಳು ಒದ್ದಾಡ್ತಾರೆ, ಪಾಪ."

"ಹೇಳಿದ್ರೆ ನೀನ್ಯಾಕೆ ಮಾಡಿದೆ ಅಂತ ಕೇಳ್ತಾರೆ. ಕಣ್ಣಿನ ವಿಷ್ಯ ಬರುತ್ತೆ."

"ಕಣ್ಣಿನ ವಿಷ್ಯ ಯಾಕೆ ಬರ್ಬೇಕು?" ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿದಳು. "ರಫೂ ಮಾಡೋಳು ನಾನು. ನನಗೆ ಬಿಡಿ."

ಮಾರನೆಯ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಅವಳು ಪ್ರಯೋಗಾಲಯ ನೋಡಿದ್ದು ಅದೇ ಮೊದಲು. ದೊಡ್ಡ ಮೇಜಿನ ಮೇಲೆ ಅಡುಗೆಮನೆಯ ಬೆಳ್ಳಿಹಾಳೆ ಸುತ್ತಿದ ಉಕ್ಕಿನ ಪೆಟ್ಟಿಗೆ, ಸುತ್ತ ವೈರುಗಳ ಬಳ್ಳಿ, ಎಲ್ಲೋ ಕೆಳಗೆ ಎಡೆಬಿಡದೆ ಗುಂಯ್ ಅನ್ನುವ ಪಂಪು. ಇಂಥ ಜಾಗವನ್ನು ಅವಳು ಇನ್ನೂ ಚೊಕ್ಕಟವಾಗಿ ಊಹಿಸಿಕೊಂಡಿದ್ದಳು. ಮೇಡಂ ನಲವತ್ತರ ಆಸುಪಾಸಿನ ಹೆಂಗಸು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಜೊತೆಗೆ ಉದ್ದನೆಯ ಒಬ್ಬ ವಿದ್ಯಾರ್ಥಿನಿ.

ರಫೂ ಅಕ್ಕ ಮೇಣದ ಉಂಡೆಯನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಬಾಚಣಿಗೆ ಇದು," ಎಂದಳು. "ಇವ್ರಿಗೆ ಕೆಲಸ ತುಂಬಾ ಇತ್ತು. ಗಂಟು ನಾನು ಕಟ್ತೀನಿ ಅಂತ ಹಠ ಮಾಡಿ ಇಸ್ಕೊಂಡೆ. ಸೂಜಿ ಕೆಲಸದವಳಲ್ವಾ, ಮೇಣ ಹಚ್ಚಿಬಿಟ್ಟೆ."

ಮೇಡಂ ಉಂಡೆಯನ್ನು ನೋಡಿದಳು, ಅವಳನ್ನು ನೋಡಿದಳು, ಗಾಳಿಮಾಮನನ್ನು ನೋಡಿದಳು. ಪೆಟ್ಟಿಗೆ ಬಿಚ್ಚಿ ಗಂಟನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೇಣ ಕಾದು ಸೀದು, ಅರ್ಧಕ್ಕರ್ಧ ನಳಿಗೆಗಳ ಬಾಯಿಗೆ ಕಪ್ಪು ಕಟ್ಟಿತ್ತು.

"ಮೂರು ವಾರ," ಮೇಡಂ ಅಂದಳು. ಸಿಟ್ಟು ಮೂಗಿನ ತುದಿಗೆ ಬಂದಿತ್ತು. "ಒಲೆ ಸಮೇತ ಹೋಯ್ತು ಮಾಮ. ಮನೆಗೆ ಯಾಕೆ ಕೊಟ್ರಿ?"

ಅವನು ಬಿಚ್ಚಿಟ್ಟ ಬೋಲ್ಟುಗಳನ್ನು ಒಟ್ಟುಮಾಡತೊಡಗಿದ.

ಮೇಡಂ ಇನ್ನೊಮ್ಮೆ ಸೂಕ್ಷ್ಮದರ್ಶಕದೊಳಗೆ ಬಗ್ಗಿ ನೋಡಿದಳು. ಈ ಸಲ ಹೆಚ್ಚು ಹೊತ್ತು ನೋಡಿದಳು. "ಜೋಡಿಸಿರೋದು ಮಾತ್ರ…" ಎಂದು ಅರ್ಧಕ್ಕೆ ನಿಲ್ಲಿಸಿ, "ಮೇಣ ಇಲ್ದೆ ಆಗುತ್ತಾ?" ಎಂದು ಕೇಳಿದಳು.

"ನೋಡ್ತೀನಿ."

"ಇಲ್ಲೇ. ಮನೆಗೆ ತಗೊಂಡು ಹೋಗೋ ಹಾಗಿಲ್ಲ."

ಮೇಣವಿಲ್ಲದೆ, ಅದೂ ರಬ್ಬರಿನ ಕೈಗವಸು ಹಾಕಿಕೊಂಡು, ಎರಡು ದಿನ ಏನೂ ಆಗಲಿಲ್ಲ. ನಳಿಗೆಗಳು ಉರುಳಿ ನೆಲಕ್ಕೆ ಬಿದ್ದವು, ಅವಳು ಕೂತಲ್ಲೇ ಹಲ್ಲು ಕಚ್ಚಿ ಬೈದಳು. ಮೂರನೆಯ ದಿನ ಚಿಮಟದ ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನೋಡಿದಳು. ಒದ್ದೆಯಿರುವಷ್ಟು ಹೊತ್ತು ನಳಿಗೆ ಪಕ್ಕದ ನಳಿಗೆಗೆ ಅಂಟಿಕೊಂಡಿತು. ಆರುವ ಹೊತ್ತಿಗೆ ಮುಂದಿನದು ಬಂದು ಕೂತಿತು. ಸ್ಪಿರಿಟ್ಟು ಹೇಳಹೆಸರಿಲ್ಲದೆ ಆರಿಹೋಯಿತು. ಅಲ್ಲಿಂದ ಹನ್ನೆರಡು ದಿನ ಹಿಡಿಯಿತು. ಉದ್ದನೆಯ ಹುಡುಗಿ ಆಗಾಗ ಬಂದು ಪಕ್ಕದಲ್ಲಿ ನಿಂತು, ಅಕ್ಕ, ಉಸಿರು ಬಿಡ್ತಿದೀರಾ ಎಂದು ವಿಚಾರಿಸಿ ಹೋಗುತ್ತಿದ್ದಳು. ಗಂಡ ಪಕ್ಕದ ಮೇಜಿನಲ್ಲಿ ಹೊಸ ಒಲೆಗೆ ಬೋಲ್ಟು ಬಿಗಿಯುತ್ತ, ಕೆಲಸ ತುಂಬಾ ಇರುವವನಂತೆ ನಟಿಸುತ್ತಿದ್ದ. ಕೊನೆಯ ದಿನ ಮೂಲೆಯಲ್ಲಿ ಒಂದು ನಳಿಗೆ ಏನು ಮಾಡಿದರೂ ಕೂರಲಿಲ್ಲ. ಅದನ್ನು ಅವಳು ಅಂಗೈಯಲ್ಲಿ ಮುಚ್ಚಿ ಡಬ್ಬಿಗೆ ವಾಪಸ್ಸು ಹಾಕಿದಳು. ನಾನೂರ ಹನ್ನೊಂದು. ಯಾರು ಎಣಿಸುತ್ತಾರೆ?

ಈ ಸಲ ಗಾಳಿ ಇಳಿಯಿತು. ಒಂದು ವಾರ ಪೆಟ್ಟಿಗೆಯನ್ನು ಬೆಚ್ಚಗಿಟ್ಟು, ಆರಿಸಿ, ಒಲೆ ಹಚ್ಚುವ ದಿನ ಮೇಡಂ ಅವಳನ್ನೂ ಬರಹೇಳಿದಳು.

ಮಧ್ಯಾಹ್ನ ಹನ್ನೆರಡು ಗಂಟೆ. ಕಿಟಕಿಗಳಿಗೆ ಕಪ್ಪು ಪರದೆ ಎಳೆದು ದೀಪ ಆರಿಸಿದ್ದರು. ಪರಮಾಣುಗಳ ದಾರಿಗೆ ಅಡ್ಡಲಾಗಿ ನೀಲಿ ಲೇಸರ್ ಹಾಯಿಸಿದರೆ ಅವು ಆ ಬೆಳಕನ್ನು ಕುಡಿದು ತಾವೂ ಮಿನುಗುತ್ತವಂತೆ. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಬರಿಗಣ್ಣಿಗೇ ಕಾಣುತ್ತದಂತೆ. ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಒಲೆ ಹಚ್ಚಿದಾಗ ಕಿಂಡಿಯಲ್ಲಿ ಮೊದಲು ನೋಡುವವನು ಪ್ರೊಫೆಸರಲ್ಲ, ಫಿಟ್ಟರ್.

"ಮಾಮ, ಬನ್ನಿ," ಎಂದಳು ಮೇಡಂ.

ರಫೂ ಅಕ್ಕನಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಕತ್ತಲಲ್ಲಿ ಗಂಡ ಮುಂದೆ ಹೋದದ್ದು, ಕಿಂಡಿಗೆ ಬಗ್ಗಿದ್ದು ಕಂಡಿತು. ಏನಾದರೂ ಮಾತಾಡಿ ಅಡ್ಡ ಬರೋಣವೆಂದರೆ ಒಂದು ಮಾತೂ ತೋಚಲಿಲ್ಲ. ಇಷ್ಟು ದಿನ ಹೆಣೆದು ಮುಚ್ಚಿದ್ದು ಈಗ ಅವಳ ಕೈಯಳತೆಯಲ್ಲಿರಲಿಲ್ಲ.

"ಹೇಗಿದೆ ಮಾಮ?" ಎಂದಳು ಹುಡುಗಿ.

ಚೆನ್ನಾಗಿದೆ ಎಂದರೆ ಮುಗಿಯುತ್ತಿತ್ತು. ಎರಡು ವರ್ಷದಿಂದ ಅವನು ಕೇಳಿದವರಿಗೆಲ್ಲ ಚೆನ್ನಾಗಿದೆ ಎನ್ನುತ್ತಲೇ ಬಂದಿದ್ದ. ಅವನು ಕಿಂಡಿಗೆ ನೇರ ಮುಖವಿಟ್ಟು ಬಹಳ ಹೊತ್ತು ಹಾಗೇ ಇದ್ದ. ಪಂಪು ಗುಂಯ್ ಅನ್ನುತ್ತಿತ್ತು.

ಆಮೇಲೆ ಮೆಲ್ಲಗೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಇಡೀ ಮುಖ. ಗೋಡೆಯಲ್ಲೇನೋ ಇದೆಯೆನ್ನುವ ಹಾಗೆ.

"ನೀಲಿ," ಎಂದ. "ದಾರದಷ್ಟೇ ಇದೆ. ನೇರ ಇದೆ." ಸ್ವಲ್ಪ ತಡೆದು, "ಅದ್ರ ಕೆಳಗೆ ಒಂದು ಮಸುಕಿದೆ. ಬೀಸಣಿಗೆ ಬಿಚ್ಚಿದ ಹಾಗೆ ಅಗಲವಾಗಿದೆ. ಮೂಲೆಯಲ್ಲಿ ಒಂದು ಸಂದು ಉಳಿದಿರ್ಬೇಕು," ಎಂದ.

ಮೇಡಂ ಬಂದು ಬಗ್ಗಿ ನೋಡಿದಳು. "ದಾರ ಕಾಣ್ತಿದೆ. ಮಸುಕು ಗಿಸುಕು ಏನಿಲ್ಲ."

"ನೇರ ನೋಡಿದ್ರೆ ಕಾಣಲ್ಲ ಮೇಡಂ. ಮಂದ ಬೆಳಕು ಕಣ್ಣಂಚಿಗೇ ಸಿಗೋದು. ಹೀಗೆ ನೋಡಿ." ಕತ್ತಲಲ್ಲಿ ಅವನು ತನ್ನ ಗಲ್ಲವನ್ನು ತಾನೇ ಹಿಡಿದು ತಿರುಗಿಸಿ ತೋರಿಸಿದ.

ಮೇಡಂ ಮುಖ ತಿರುಗಿಸಿದಳು. ಹುಡುಗಿಯೂ ತಿರುಗಿಸಿದಳು. ಮೂವರೂ ಕಿಂಡಿಯ ಮುಂದೆ ಮುನಿಸಿಕೊಂಡವರ ಹಾಗೆ ಗೋಡೆ ನೋಡುತ್ತ ನಿಂತರು.

"ಹೌದು," ಎಂದಳು ಮೇಡಂ. "ಇದೆ."

"ಒಂದು ನಳಿಗೆ ಕೂರಲಿಲ್ಲ," ರಫೂ ಅಕ್ಕ ಹಿಂದಿನಿಂದ ಒಪ್ಪಿಕೊಂಡಳು. ಅವಳ ಕೆಲಸದಲ್ಲಿ ತಪ್ಪು ಕಂಡುಹಿಡಿದವರು ಇದುವರೆಗೆ ಯಾರೂ ಇರಲಿಲ್ಲ.

"ಅದಕ್ಕೆ ಮುಂದೆ ಒಂದು ತಡೆ ಇಟ್ರೆ ಆಯ್ತು, ತೊಂದ್ರೆಯಿಲ್ಲ," ಎಂದು ಮೇಡಂ ದೀಪ ಹಾಕಿದಳು. ಗಾಳಿಮಾಮ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದ. ಮೇಡಂ ಅವನನ್ನೇ ನೋಡುತ್ತ ಕೇಳಿದಳು: "ಎಷ್ಟು ದಿನದಿಂದ ಹೀಗೆ ನೋಡ್ತಿದೀರಿ?"

"ಇವತ್ತಿಂದ," ಎಂದ ಅವನು. "ನೇರ ಕಾಣದೆ ಹೋಗಿ ಎರಡು ವರ್ಷ ಆಯ್ತು."

ಹುಡುಗಿ ನೆಲ ನೋಡಿದಳು. ಮೇಡಂ ಕೂದಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾಣದವರ ಕೈಗೆ ಅಷ್ಟು ಕಾದ ಒಲೆ, ಅಷ್ಟು ಪ್ರಖರವಾದ ಲೇಸರ್ ಇರುವ ಮೇಜನ್ನು ಬಿಡುವಂತಿಲ್ಲ ಎಂದಳು. ಅವನು ಹೌದೆಂದ. ಮುಂದಿನ ಒಂದನೇ ತಾರೀಖಿನಿಂದ ಸ್ಟೋರ್ಸು ಎಂದಾಯಿತು. ಅವನು ತನ್ನ ಸ್ಪ್ಯಾನರುಗಳನ್ನು ಮುಟ್ಟಿ ಮುಟ್ಟಿ ಅಳತೆಯ ಪ್ರಕಾರ ಜೋಡಿಸಿ, ಡ್ರಾಯರು ಮುಚ್ಚಿದ. ರಫೂ ಅಕ್ಕನಿಗೆ ಅಳು ಬಂತು; ಅಲ್ಲಿ ಅಳಬಾರದೆಂದು ನುಂಗಿಕೊಂಡಳು.

ಬಸ್ ನಿಲ್ದಾಣದಲ್ಲಿ ಅವರಿಬ್ಬರೇ ಇದ್ದರು. ಬಿಸಿಲು ಚುರುಗುಡುತ್ತಿತ್ತು. ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಗಂಡ, ಅವಳಿಂದ ಮುಖ ಆಚೆಗೆ ತಿರುಗಿಸಿ ಬಸ್ಸಿನ ವೇಳಾಪಟ್ಟಿಯ ಬೋರ್ಡಿನ ಕಡೆ ಮಾಡಿಕೊಂಡಿದ್ದ. ಸಿಟ್ಟಿರಬಹುದೆಂದು ಅವಳು ಅಂದುಕೊಂಡಳು. ಇರಲಿ, ಸಿಟ್ಟು ನ್ಯಾಯವಾದದ್ದೇ. ಆದರೂ ತಡೆಯಲಾರದೆ ಕೇಳಿದಳು:

"ಆ ಕಡೆ ಏನಿದೆ ಅಂತ ನೋಡ್ತಿದೀರಿ?"

"ನಿನ್ನ ನೋಡ್ತಿದೀನಿ."

ಅವಳು ಸೆರಗು ಸರಿಮಾಡಿಕೊಂಡಳು. ಯಾಕೆ ಮಾಡಿಕೊಂಡಳೋ ಅವಳಿಗೇ ತಿಳಿಯಲಿಲ್ಲ.

"ಇದು ಯಾವಾಗಿಂದ?" ಎಂದ.

"ಯಾವುದು?"

"ಕನ್ನಡಕ."

"ಎರಡನೇ ಗಂಟು ಶುರುವಾಗಿ ಒಂದು ವಾರಕ್ಕೆ ಕಣ್ಣು ಮಂಜಾಗೋಕೆ ಶುರುವಾಯ್ತು. ಆವಾಗಿಂದ."

"ಎರಡು ವಾರ ಆಯ್ತಾ! ಜೊತೇಲೇ ಓಡಾಡಿದೀವಿ. ಹೇಳೋದಲ್ವಾ?"

"ನೀವೇ ನೋಡ್ತೀರೇನೋ ಅಂತ ಕಾದೆ," ಎಂದಳು.

ಅವನು ಬಸ್ಸು ಬರುವವರೆಗೂ ಮುಖವನ್ನು ಆ ಬೋರ್ಡಿನ ಕಡೆಯೇ ಇಟ್ಟುಕೊಂಡಿದ್ದ.